ಕುಸುರೆಳ್ಳು ಮತ್ತು ಭಾನುವಾರದ ಕೂಟ

ರಾತ್ರಿ ಹನ್ನೊಂದೂವರೆ. ಬೆಳಿಗ್ಗೆ ಸಂಘದ ಪತ್ರಿಕೆ ಪ್ರೆಸ್ಸಿಗೆ ಕೊಡಬೇಕು, ಈ ಜಾಗ ಇನ್ನೂ ಖಾಲಿ. ಕಳೆದ ಭಾನುವಾರ, ಮನಸ್ಸಿನ ಭಾರ ಹೇಳಿಕೊಳ್ಳಲೆಂದು ಸಂಘದಲ್ಲಿ ಶುರು ಮಾಡಿದ ಕೂಟ ಮುಗಿಸಿ ಸ್ಕೂಟರಿನಲ್ಲಿ ಬರುವಾಗ ಮಗಳು ಕೇಳಿದಳು: "ಅಮ್ಮ, ಫ್ರೀ ಅಂತ ಬೋರ್ಡ್ ಹಾಕಿದ್ದೀರಿ. ಮತ್ತೆ ಬಂದವರು ಯಾಕೆ ಅಳ್ತಾರೆ?"

ಅತ್ತಿದ್ದು ಒಬ್ಬರೇ. ಯಾರು ಅಂತ ಬರೆಯುವುದಿಲ್ಲ. ಅಲ್ಲಿ ಆಡಿದ ಮಾತು ಅಲ್ಲೇ ಇರಬೇಕು.

ಫೋನ್ ಮಾಡಿದವರೆಲ್ಲ ಕೇಳುವುದು ಎರಡೇ: ಗುರುಗಳು ಯಾರು, ಫೀ ಎಷ್ಟು? ಎರಡೂ ಇಲ್ಲ. ಇಗತಪುರಿಯ ವಿಪಶ್ಯನ ಧ್ಯಾನ ಶಿಬಿರಕ್ಕೂ ಫೀ ಇಲ್ಲ, ಆದರೆ ಅಲ್ಲಿ ಮೌನ. ನಮ್ಮಲ್ಲಿ ಎರಡು ದಾಸರ ಪದ, ಐದು ನಿಮಿಷ ಧ್ಯಾನ, ಆಮೇಲೆ ಮಾತು ಅಂದುಕೊಂಡಿದ್ದೆವು. ಮೊದಲ ಎರಡು ವಾರ ಯಾರೂ ಬಾಯಿ ಬಿಡಲಿಲ್ಲ. ದುಂಡಗೆ ಕುರ್ಚಿ ಹಾಕಿಕೊಂಡು ಒಬ್ಬರ ಮುಖ ಒಬ್ಬರು ನೋಡಿದ್ದೇ ಬಂತು. ಮೂರನೇ ವಾರ ಯಾರೋ ಎರಡು ಕಿಲೋ ಬಟಾಣಿ ಕಾಯಿ ತಂದಿದ್ದರು. ಸುಮ್ನೆ ಸುಲಿಯುತ್ತಾ ಕೂತೆವು. ಅರ್ಧ ಚೀಲ ಮುಗಿಯುವಷ್ಟರಲ್ಲಿ ಮಾತು ಶುರುವಾಯಿತು.

ಧಾರವಾಡದ ನಮ್ಮಜ್ಜಿ ನೆನಪಾದಳು. ಸಂಕ್ರಾಂತಿಗೆ ವಾರ ಇರುವಾಗ ಬೆಳಗಿನ ಜಾವವೇ ಎದ್ದು ಕುಸುರೆಳ್ಳು, ಅಂದರೆ ಮುಳ್ಳುಮುಳ್ಳಾಗಿ ಸಕ್ಕರೆ ಕಟ್ಟಿದ ಎಳ್ಳು, ಮಾಡಲು ಶೇಗಡಿ (ಇದ್ದಿಲ ಒಲೆ) ಹೊತ್ತಿಸುತ್ತಿದ್ದಳು. ಸಕ್ಕರೆ ಪಾಕಕ್ಕೆ ಚೂರು ಹಾಲು ಬಿಟ್ಟು ಹೊಲಸು ತೆಗೆಯಬೇಕು. ಸಣ್ಣ ಕೆಂಡದ ಮೇಲೆ ಪರಾತ ಅನ್ನೋ ಅಗಲ ತಟ್ಟೆ, ಅದರಲ್ಲಿ ಎಳ್ಳು. ಒಂದೊಂದೇ ಚಮಚ ಪಾಕ ಬಿಟ್ಟು ಬೆರಳು ಆಡಿಸುತ್ತಲೇ ಇರಬೇಕು. ಅವಸರ ಮಾಡಿದರೆ ಗಂಟು. ಚಳಿಯಿದ್ದರೇ ಮುಳ್ಳು ಚೆನ್ನಾಗಿ ಏಳುವುದು. ಆ ವರ್ಷ ಪಕ್ಕದ ಮನೆಯ ಕಾಕು ಗಂಡನನ್ನು ಕಳೆದುಕೊಂಡು ಎರಡು ತಿಂಗಳಾಗಿತ್ತು, ಹೊರಗೇ ಬರುತ್ತಿರಲಿಲ್ಲ. ಅಜ್ಜಿ ಸಮಾಧಾನ ಹೇಳಲು ಹೋಗಲಿಲ್ಲ. "ನನ್ನ ಕೈ ಸೋತಾವ, ಸ್ವಲ್ಪ ಬಾರವಾ" ಅಂತ ಕರೆದಳು. ಹಬ್ಬದ ಕೆಲಸಕ್ಕೆ ಅವಳನ್ನ ಯಾಕೆ ಕರೆದಿ ಅಂದವರೂ ಇದ್ದರು. ಅಜ್ಜಿಗೆ ಅದು ಕೇಳಿಸಲಿಲ್ಲ. ಮೊದಲ ದಿನ ಎಳ್ಳಿನ ಸರಸರ ಸದ್ದು ಮಾತ್ರ. ಮೂರನೇ ದಿನ ಕೌದಿಯೊಳಗಿಂದ ಕಿವಿಗೊಟ್ಟರೆ ಕಾಕು ಮಾತಾಡುತ್ತಿದ್ದರು. ಬರೀ ಗಂಡನಿಗೆ ಬೈಗುಳ! ಸಾಲ ಮಾಡಿಟ್ಟು ಹೋದ ಅಂತ. ಅಜ್ಜಿ ಹೂಂ ಅನ್ನುತ್ತಾ ಪಾಕ ಬಿಡುತ್ತಿದ್ದಳು.

ಈಗ ಪುಣೆಯ ತುಳಸಿಬಾಗಿನಲ್ಲಿ ಅದೇ ಕುಸುರೆಳ್ಳು ಹಲ್ವಾ ಅನ್ನೋ ಹೆಸರಲ್ಲಿ ಪೊಟ್ಟಣದಲ್ಲಿ ಸಿಗುತ್ತದೆ. ತಂದಿದ್ದೇನೆ, ಏನು ಮಾಡೋದು.

ನಾವು ಕೇಳಿಸಿಕೊಳ್ಳಬಲ್ಲೆವು, ಚಿಕಿತ್ಸೆ ಕೊಡಲಾರೆವು. ವಾರಗಟ್ಟಲೆ ನಿದ್ದೆಯಿಲ್ಲ, ಬದುಕೇ ಬೇಡ ಅನ್ನಿಸುತ್ತಿದ್ದರೆ ಭಾನುವಾರದವರೆಗೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. 2022ರಿಂದ ಇದೆ, ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಇನ್ನು ಅವಸರದಲ್ಲಿ: 14ಕ್ಕೆ ಸಂಜೆ ಸಂಘದ ಹಾಲ್‌ನಲ್ಲಿ ಎಳ್ಳು-ಬೆಲ್ಲ. ಅರಿಶಿನ-ಕುಂಕುಮ ರಥಸಪ್ತಮಿಯೊಳಗೆ, ಯಾವ ದಿನ ಅಂತ ವಾಟ್ಸಾಪಿನಲ್ಲಿ ತಿಳಿಸುತ್ತೇವೆ. ಮಕ್ಕಳ ಕನ್ನಡ ಕ್ಲಾಸ್ ಶನಿವಾರಕ್ಕೆ ಬದಲಾಗಿದೆ. ಚಂದಾ ಬಾಕಿ ಇಟ್ಟವರು, ನಿಮಗೇ ಗೊತ್ತು. ಕೂಟ ಎಂದಿನಂತೆ ಭಾನುವಾರ ಐದಕ್ಕೆ.

ಆರು ವಾರದಿಂದ ಹಾಲ್ ಬೀಗ ತೆಗೆದು, ಕಸ ಗುಡಿಸಿ, ಕುರ್ಚಿ ಹಾಕುತ್ತಿರುವುದು ನಾನೊಬ್ಬಳೇ. ಒಂದು ಸಲವಾದರೂ ತಡವಾಗಿ ಬಂದು, ಎಲ್ಲರ ಮಧ್ಯೆ ಕೂತು, ನನ್ನದೂ ಒಂದೆರಡು ಮಾತು ಹೇಳಿಕೊಳ್ಳುವ ಆಸೆ. ಬೀಗದ ಕೈ ಯಾರಾದರೂ ಇಸ್ಕೊಳ್ಳಿ. ಬಟಾಣಿ ನಾನೇ ತರುತ್ತೇನೆ.