ಮುಕ್ಕಾಗಿದ್ದರೆ ಮುಕ್ಕು ಎಂದೇ ಬರೆಯಲಿ

ಮಾನ್ಯ ಸಂಪಾದಕರೇ,

ನವರಾತ್ರಿಗೆ ಗೊಂಬೆ ಕೂರಿಸಲು ಅಟ್ಟದಿಂದ ಟ್ರಂಕು ಇಳಿಸುವ ದಿನಗಳು ಬಂದಿವೆ. ಈ ಸಲ ಕೆಳಗಿನ ಮೆಟ್ಟಿಲನ್ನು ತನ್ನ ಅನಿಮೆ, ಅಂದರೆ ಜಪಾನಿ ಕಾರ್ಟೂನ್, ಗೊಂಬೆಗಳಿಗೆ ಬಿಟ್ಟುಕೊಡಬೇಕೆಂದು ಮೊಮ್ಮಗ ಹಟ ಹಿಡಿದಿದ್ದಾನೆ. ಪಟ್ಟದ ಗೊಂಬೆಗಳಿರುವ ಕಡೆ ಕತ್ತಿ ಹಿಡಿದ ಜಪಾನಿ ಹುಡುಗ ನಿಲ್ಲಬಹುದೇ ಎಂಬುದು ನಮ್ಮ ಮನೆಯ ಜಗಳ, ಅದು ಇಲ್ಲಿ ಬೇಡ. ನನ್ನ ತಕರಾರು ಅವುಗಳನ್ನು ಮಾರುವವರ ಬಗ್ಗೆ.

ಕಳೆದ ವರ್ಷ ಅವನ ಹುಟ್ಟುಹಬ್ಬಕ್ಕೆ ನಗರದ ಒಂದು ಮಾಲ್‌ನಲ್ಲಿ 2,400 ರೂಪಾಯಿ ಕೊಟ್ಟು ಅಂಥದ್ದೊಂದನ್ನು ಕೊಂಡೆ. ಅಂಗಡಿಯವನು "ಒರಿಜಿನಲ್ ಜಪಾನ್ ಮಾಲು" ಎಂದು ಎರಡು ಸಲ ಹೇಳಿದ. ಮನೆಯಲ್ಲಿ ತೆರೆದರೆ ಒಂದು ಕಣ್ಣಿನ ಬಣ್ಣ ಕೆನ್ನೆಗೆ ಇಳಿದಿತ್ತು. ಪೆಟ್ಟಿಗೆಯ ಮೇಲೆ ತಯಾರಕರ ಹೆಸರೇ ಇರಲಿಲ್ಲ. ಅಜ್ಜಿಗೆ ಬೇಸರವಾದೀತೆಂದು ಮೊಮ್ಮಗ ಸುಮ್ಮನಿದ್ದ. ಅದು ನಕಲಿ ಎಂದು ಹೇಳಿದ್ದು ಅವನ ಗೆಳೆಯ. ಅಂಗಡಿಗೆ ಮರಳಿ ಹೋದರೆ ಬಿಲ್ಲಿನ ತಳದ ಸಾಲನ್ನು ಬೆರಳಿಟ್ಟು ತೋರಿಸಿದರು: ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ. ಮಕ್ಕಳ ಆಟಿಕೆಗಳಿಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ, ನಿಜ. ಆದರೆ ಆ ಗುರುತು ಸುರಕ್ಷತೆಯ ಮಾತು ಹೇಳುತ್ತದೆಯೇ ಹೊರತು ಅಸಲಿಯೋ ನಕಲಿಯೋ ಎಂದು ಹೇಳುವುದಿಲ್ಲ.

ಈ ಏಪ್ರಿಲ್‌ನಲ್ಲಿ ಮಗಳನ್ನು ನೋಡಲು ಟೋಕಿಯೊಗೆ ಹೋದಾಗ ಮೊಮ್ಮಗ ನನ್ನನ್ನು ನಕಾನೊ ಬ್ರಾಡ್‌ವೇಗೆ ಎಳೆದುಕೊಂಡು ಹೋದ. 1966ರ ಕಟ್ಟಡ, ಕೆಳಗೆ ಅಂಗಡಿಗಳು, ಮೇಲೆ ಸಂಸಾರಸ್ಥರ ಮನೆಗಳು. ಥಳಕೇನೂ ಇಲ್ಲ, ನಮ್ಮ ಹಳೆಯ ಬಿಡಿಎ ಕಾಂಪ್ಲೆಕ್ಸ್‌ಗಳ ನೆನಪಾಯಿತು. ಕೆಳಗಿನ ಎಸ್ಕಲೇಟರ್ ಎರಡನೇ ಮಹಡಿಯನ್ನು ಬಿಟ್ಟು ನೇರವಾಗಿ ಮೂರಕ್ಕೆ ಒಯ್ಯುತ್ತದೆ. ಎರಡಕ್ಕೆ ಮೆಟ್ಟಿಲಿಳಿದು ಬರುವಾಗ ನನ್ನ ಮಂಡಿ ಅದನ್ನು ಕಟ್ಟಿದವರನ್ನು ಶಪಿಸಿತು. ಮಾಂಗಾ ಎಂಬ ಜಪಾನಿ ಚಿತ್ರಕಥೆಗಳ ಹಳೆಯ ಪುಸ್ತಕ ಮಾರುತ್ತ 1980ರಲ್ಲಿ ಅಲ್ಲಿ ಶುರುವಾದ ಮಂದರಾಕೆ ಎಂಬ ಪುಟ್ಟ ಅಂಗಡಿ ಈಗ ಕಟ್ಟಡದ ಹಲವು ಮಹಡಿಗಳಿಗೆ ಹರಡಿಕೊಂಡಿದೆ.

ಅಲ್ಲಿ ಬಹಳಷ್ಟು ಗೊಂಬೆಗಳು ಯಾರೋ ಇಟ್ಟುಕೊಂಡು ಮಾರಿದವು. ಮೊಮ್ಮಗ ಆರಿಸಿದ ಪೆಟ್ಟಿಗೆಗೆ ಒಂದು ಚೀಟಿ ಅಂಟಿಸಿತ್ತು. ಅದನ್ನು ಮೊಬೈಲ್‌ನಲ್ಲಿ ಅನುವಾದಿಸಿ ಓದಿದೆವು: ಪೆಟ್ಟಿಗೆಯ ಮೂಲೆ ಜಜ್ಜಿದೆ, ಬದಲಿಸಿ ಹಾಕುವ ಬಿಡಿ ಕೈಗಳಲ್ಲಿ ಒಂದು ಇಲ್ಲ. ಬೆಲೆ 1,800 ಯೆನ್. ಹೋಲ್‌ಸೇಲ್ ಪೇಟೆಯ ಅಭ್ಯಾಸಬಲದಿಂದ 1,500ಕ್ಕೆ ಕೇಳಿದೆ. ಅಂಗಡಿಯ ಹುಡುಗ ತಲೆಬಾಗಿ ಏನೋ ಹೇಳಿದ, ಒಂದು ಯೆನ್ ಇಳಿಸಲಿಲ್ಲ. ಆದರೂ ಸಂತೋಷದಿಂದ ಕೊಟ್ಟೆ. ಮೂವತ್ತನಾಲ್ಕು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವಳು ನಾನು. ಕೊರತೆಯನ್ನು ಕೊಳ್ಳುವವರಿಗಿಂತ ಮೊದಲು ಮಾರುವವನೇ ಬರೆದಿಟ್ಟದ್ದನ್ನು ಹೆಚ್ಚಾಗಿ ಕಂಡಿಲ್ಲ.

ಇನ್ನೊಂದು ಕಡೆ ಗಾಜಿನ ಸಣ್ಣ ಗೂಡುಗಳನ್ನೇ ಬಾಡಿಗೆಗೆ ಕೊಡುತ್ತಿದ್ದರು. ಸ್ವಂತ ಅಂಗಡಿ ಇಲ್ಲದವರೂ ತಮ್ಮ ಗೊಂಬೆಗಳನ್ನು ಅದರಲ್ಲಿಟ್ಟು ಬೆಲೆ ಬರೆದು ಹೋಗಬಹುದು. ಮಾರಾಟವನ್ನು ಅಂಗಡಿಯವರು ನೋಡಿಕೊಳ್ಳುತ್ತಾರೆ.

ಜಯನಗರ ನಾಲ್ಕನೇ ಬ್ಲಾಕಿನ ವಾಣಿಜ್ಯ ಸಂಕೀರ್ಣದಲ್ಲಿ ದಸರೆಗೆ ಮುಂಚಿನ ಒಂದು ತಿಂಗಳಾದರೂ ಇಂಥ ಗೂಡುಗಳನ್ನು ಇಡಬಾರದೇಕೆ? ಒಂದರಲ್ಲಿ ಚನ್ನಪಟ್ಟಣದ ಅರಗಿನ ಗೊಂಬೆ, ಪಕ್ಕದಲ್ಲಿ ಕಾಲೇಜು ಹುಡುಗರ ಅನಿಮೆ ಗೊಂಬೆ ಇರಲಿ. ನಕಲಿಯಾದರೆ ನಕಲಿ ಎಂದೇ ಚೀಟಿ ಹಚ್ಚಿ ಇನ್ನೂರಕ್ಕೆ ಮಾರಲಿ, ಬೇಕಾದವರು ಕೊಳ್ಳುತ್ತಾರೆ. ನಮ್ಮ ಟ್ರಂಕಿನಲ್ಲಿ ಶೆಟ್ಟರ ಜೋಡಿ ಎರಡಿವೆ. ಒಂದನ್ನು ನಾನೇ ಮೊದಲು ತಂದಿಡುತ್ತೇನೆ. ಶೆಟ್ಟಮ್ಮನ ಎಡಕಿವಿ ಮುಕ್ಕಾಗಿದೆ, ಶೆಟ್ಟರ ಹೊಟ್ಟೆಗೆ ನಾನೇ ಒಮ್ಮೆ ಬಣ್ಣ ಬಳಿದಿದ್ದೇನೆ.

— ನಿವೃತ್ತ ಬ್ಯಾಂಕ್ ಉದ್ಯೋಗಿ, ತ್ಯಾಗರಾಜನಗರ, ಬೆಂಗಳೂರು