ಭೂಗೋಳ ಪಾಠ ಅಂಗಳಕ್ಕೆ ಇಳಿಯಲಿ

ಮಾನ್ಯ ಸಂಪಾದಕರೇ,

ನಾನು ಸರ್ವೆ ಇಲಾಖೆಯಲ್ಲಿ ಭೂಮಾಪಕನಾಗಿ ದುಡಿದು ನಿವೃತ್ತನಾದವನು. ಹದ್ದುಬಸ್ತಿಗೆ, ಅಂದರೆ ಹೊಲದ ಗಡಿ ಗುರುತಿಸಲು ಹೋದ ಊರುಗಳಲ್ಲಿ, ಡಿಗ್ರಿ ಮುಗಿಸಿದ ಹುಡುಗರೂ ಜಮೀನು ಭಾಗ ಮಾಡುವಾಗ ಬೇಕಾಗುವ 11ಇ ನಕ್ಷೆ ಕೈಗೆ ಕೊಟ್ಟರೆ ಯಾವ ಕಡೆ ಹಿಡಿಯಬೇಕೆಂದು ತಿಳಿಯದೆ ನಿಲ್ಲುವುದನ್ನು ಕಂಡಿದ್ದೇನೆ. ಉತ್ತರ ದಿಕ್ಕಿನ ಬಾಣ ಅಲ್ಲೇ ಇರುತ್ತದೆ; ಅದನ್ನು ಹೊಲಕ್ಕೆ ಹೊಂದಿಸಿ ನೋಡಲು ಬರುವುದಿಲ್ಲ. ಹೊಲ ಹಿಸ್ಸೆಯಾಗುವಾಗ (ಪಾಲಾಗುವಾಗ) ಅಣ್ಣ ಬೊಟ್ಟು ಮಾಡಿದಲ್ಲಿ ತಮ್ಮ ಸಹಿ ಹಾಕುತ್ತಾನೆ. ಆಮೇಲೆ ಗಡಿಯ ಬಾಂದುಕಲ್ಲಿಗಾಗಿ ಇಬ್ಬರೂ ಕೋರ್ಟಿಗೆ ಅಲೆಯುತ್ತಾರೆ.

ಹುಡುಗರನ್ನು ದೂರಿ ಪ್ರಯೋಜನವಿಲ್ಲ. ಪ್ರೌಢಶಾಲೆಯಲ್ಲಿ ಭೂಗೋಳ ಎಂಬುದು ಸಮಾಜ ವಿಜ್ಞಾನದ ಪುಸ್ತಕದಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳ ನಡುವೆ ಒಂದು ಭಾಗ. ನಾನು ಕಂಡ ಶಾಲೆಗಳಲ್ಲಿ ಅದನ್ನು ಕಲಿಸುವವರು ಹೆಚ್ಚಾಗಿ ಇತಿಹಾಸ ಓದಿ ಬಂದವರು. ಪರೀಕ್ಷೆಗೆ ಬರುವ ಜಾಗಗಳನ್ನು ಭಾರತದ ನಕ್ಷೆಯಲ್ಲಿ ಗುರುತು ಹಾಕಿಸಿದರೆ ಪಾಠ ಮುಗಿಯಿತು.

ನಮ್ಮ ಮಕ್ಕಳಿಗೆ ಬೇಕಾದ ಭೂಗೋಳ ಕಾಲಬುಡದಲ್ಲೇ ಇದೆ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದಾಗ ಮಹಾರಾಷ್ಟ್ರದ ಉಜನಿ ಅಣೆಕಟ್ಟೆಯಿಂದ ಇಷ್ಟು ಕ್ಯುಸೆಕ್ ನೀರು ಬಿಟ್ಟರೆಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಓಡಿತು. ಆ ನೀರು ಸೊನ್ನ ಬ್ಯಾರೇಜ್, ದೇವಲ ಗಾಣಗಾಪುರ, ಸನ್ನತಿ ದಾಟಿ ಯಾದಗಿರಿಗೆ ಬರಬೇಕು. ನಡುವೆ ಕಾಗಿಣಾ ನದಿ ಬೇರೆ ಸೇರುತ್ತದೆ. ಹಾಗಾದರೆ ದಂಡೆಯ ರೈತನಿಗೆ ಪಂಪ್‌ಸೆಟ್ ಎತ್ತಿಕೊಳ್ಳಲು ಎಷ್ಟು ಹೊತ್ತು ಸಿಕ್ಕೀತು? ಈ ಲೆಕ್ಕ ಹತ್ತನೇ ತರಗತಿಯ ಮಗುವಿಗೆ ಬರಬೇಕು. ಮರುವರ್ಷ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ನೆಲ ನಡುಗಿ ಜನ ಮನೆಯೊಳಗೆ ಮಲಗಲು ಅಂಜಿದರು. 1993ರಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಾದ ಭೂಕಂಪ ನೆನಪಿರುವ ಹಿರಿಯರ ಅಂಜಿಕೆ ಸಹಜ. ಏಕೆ ನಡುಗುತ್ತದೆ, ಎಂಥ ಗೋಡೆ ಮೊದಲು ಬೀಳುತ್ತದೆ ಎಂಬುದನ್ನು ಮಕ್ಕಳಿಗೆ ಶಾಲೆಯೇ ತಿಳಿಸಬೇಕು.

ಇದಕ್ಕೆ ದೊಡ್ಡ ಖರ್ಚೇನೂ ಬೇಡ. ಶಾಲೆಯ ಅಂಗಳದಲ್ಲಿ ಒಂದೊಂದು ಬದಿ 33 ಅಡಿ ಇರುವಂತೆ ಹಗ್ಗದಿಂದ ಚೌಕ ಹಾಕಿಸಿ: ಅದೇ ಒಂದು ಗುಂಟೆ, 1,089 ಚದರ ಅಡಿ. ಅಂಥ 40 ಸೇರಿದರೆ ಎಕರೆ. ಅದೇ ಚೌಕವನ್ನು ಮಗು ಕಾಗದದ ಮೇಲೆ ಅಳತೆಗೆ ತಕ್ಕಂತೆ ಇಳಿಸಲಿ. ಸ್ಕೇಲು ಎಂದರೇನೆಂದು ಬೇರೆ ಹೇಳಿಕೊಡಬೇಕಾಗಿಲ್ಲ. ಊರಿನ ಉಪಗ್ರಹ ಚಿತ್ರ ಇಸ್ರೋದ ಭುವನ್ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಗ್ರಾಮನಕ್ಷೆಯಂತೂ ಸರ್ವೆ ಇಲಾಖೆಯಲ್ಲೇ ಇದೆ.

ಕಲಬುರಗಿ, ಬೀದರ್, ಯಾದಗಿರಿಯ ಶಾಸಕರು ಮುಂದಿನ ಅಧಿವೇಶನದಲ್ಲಿ ಇದನ್ನು ಎತ್ತಬೇಕು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯಡಿ ತುಂಬುವ ಶಿಕ್ಷಕರ ಹುದ್ದೆಗಳಲ್ಲಿ ಭೂಗೋಳ ಓದಿದವರಿಗೆ ಜಾಗ ಮೀಸಲಿಡಿ. ಎಸ್ಸೆಸ್ಸೆಲ್ಸಿ ಆಂತರಿಕ ಮೌಲ್ಯಮಾಪನದ 20 ಅಂಕಗಳಲ್ಲಿ ಕೆಲವನ್ನಾದರೂ ಹೊರಗೆ ಹೋಗಿ ಅಳೆದು ನಕ್ಷೆ ಬರೆಯುವುದಕ್ಕೆ ಕೊಡಿ. ಪ್ರತಿ ಶಾಲೆಗೂ ಅದರ ಊರಿನ ನಕ್ಷೆ ಮತ್ತು ಕೃಷ್ಣಾ-ಭೀಮಾ ಕೊಳ್ಳದ ನಕ್ಷೆಯನ್ನು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಿಂದ ಕೊಡಿಸಿ. ಶಹಾಪುರದ ಸುತ್ತಮುತ್ತ ಯಾವ ಶಾಲೆ ಕರೆದರೂ ಅಳತೆಯ ಸರಪಳಿ ಹಿಡಿದು ಬರಲು ನಾನು ಸಿದ್ಧ. ಆದರೆ ನನ್ನಂಥವರು ಬರುತ್ತಾರೆಂದು ಶಿಕ್ಷಕರ ಹುದ್ದೆ ಖಾಲಿ ಬಿಡಬೇಡಿ.

— ನಿವೃತ್ತ ಭೂಮಾಪಕ, ಶಹಾಪುರ, ಯಾದಗಿರಿ ಜಿಲ್ಲೆ