ಡೈರಿ ಮುಂದಿನ ಕಟ್ಟೆಯೇ ಹಿರಿಯರ ವ್ಯಾಯಾಮ ಶಾಲೆಯಾಗಲಿ

ಮಾನ್ಯರೇ,

ಅಕ್ಟೋಬರ್ 1ರ ಹಿರಿಯರ ದಿನಕ್ಕೆ ಬಿ.ಪಿ., ಶುಗರ್ ನೋಡಿ, ಹಣ್ಣು ಹಂಚಿ ಮುಗಿಸುವ ಶಿಬಿರಗಳಿಂದ ಮರೆವೂ ತಡೆಯದು, ಕಾಲಿಗೆ ಕಸುವೂ ಬಾರದು. ಫಿನ್ಲೆಂಡಿನಲ್ಲಿ 60ರಿಂದ 77 ವಯಸ್ಸಿನ 1,260 ಜನರೊಂದಿಗೆ ನಡೆದ ‘ಫಿಂಗರ್’ ಅಧ್ಯಯನ (2015) ಊಟ, ವ್ಯಾಯಾಮ, ಮೆದುಳಿಗೆ ಕೆಲಸ, ಬಿ.ಪಿ.–ಶುಗರ್ ನಿಗಾ ಇವು ನಾಲ್ಕನ್ನೂ ಅವರಲ್ಲಿ ಅರ್ಧದಷ್ಟು ಜನರಿಗೆ ಒಟ್ಟಿಗೆ ಎರಡು ವರ್ಷ ಬಿಡದೆ ನಡೆಸಿತು. ಬರೀ ಸಲಹೆ ಪಡೆದ ಉಳಿದವರಿಗಿಂತ ಇವರ ಯೋಚನೆಯ ಚುರುಕು ಚೆನ್ನಾಗಿತ್ತು. ನಮ್ಮ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಮೆದುಳು ಸಂಶೋಧನಾ ಕೇಂದ್ರ 45 ದಾಟಿದವರ ದೀರ್ಘಕಾಲದ ಅಧ್ಯಯನ ಮಾಡುತ್ತಿದೆ. ಹಾಗಿದ್ದೂ ಹಳ್ಳಿಯಲ್ಲಿ ವಾರವಾರ ನಡೆಯುವ ಕಾರ್ಯಕ್ರಮವಿಲ್ಲ ಎಂಬುದು ಸಂಕಟದ ವಿಷಯ.

‘ಹೊಲದಲ್ಲಿ ದುಡಿದ ಮೈಗೆ ವ್ಯಾಯಾಮವೇಕೆ’ ಎನ್ನುತ್ತಾರೆ. ಹೊಲ ಮಕ್ಕಳಿಗೆ ಬಿಟ್ಟ ಮೇಲೆ ಮೊದಲು ಕರಗುವುದು ತೊಡೆಯ ಸ್ನಾಯು. ಬರೀ ವಾಕಿಂಗ್ ಅದನ್ನು ಉಳಿಸದು. ಎದೆಗೆ ಕೈ ಕಟ್ಟಿ, ಕುರ್ಚಿಯಿಂದ ಐದು ಸಲ ಎದ್ದು ಕೂರಲು 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾಲು ಸೋತಿದೆ ಎಂದೇ ಅರ್ಥ. ಅದೇ ಪರೀಕ್ಷೆ, ಅದೇ ಮದ್ದು: ಐದರಿಂದ ಎಂಟು ಸಲ, ನಡುವೆ ಸುಧಾರಿಸಿಕೊಂಡು ಎರಡು ಸುತ್ತು. ಹನ್ನೆರಡು ಸಲ ಏಳುವುದು ಸಲೀಸಾದ ಮೇಲೆ ಕೈಗೊಂದು ಲೀಟರ್ ನೀರಿನ ಬಾಟಲಿ. ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ, ಕಲ್ಲುಕಟ್ಟೆ ಲೇಸು. ಜೋರಾಗಿ ಎಣಿಸಬೇಕು; ಉಸಿರು ಕಟ್ಟಿದರೆ ಬಿ.ಪಿ. ಏರುತ್ತದೆ. ಆಮೇಲೆ ಗೋಡೆಯ ಪಕ್ಕ ಒಂದು ಪಾದದ ಮುಂದೆ ಇನ್ನೊಂದನ್ನು ಕೂಡಿಸಿ ಹತ್ತು ಸೆಕೆಂಡ್ ನಿಲ್ಲುವುದು. ಶುಗರ್ ಮಾತ್ರೆ ನುಂಗಿ ಬರಿಹೊಟ್ಟೆಯಲ್ಲಿ ಬಂದವರಿಗೆ ತಲೆ ಸುತ್ತೀತು, ಏನಾದರೂ ತಿಂದು ಬರಲಿ.

ಊಟದ ತಪ್ಪು ಬಸ್ಸಾರಿನಲ್ಲೇ (ಕಾಳು–ಸೊಪ್ಪು ಬೇಯಿಸಿ ಬಸಿದ ನೀರಿನ ಸಾರು) ಇದೆ. ಹಲ್ಲಿಲ್ಲದವರು ಮುದ್ದೆ, ಸಾರು ಉಂಡು ಕಾಳು–ಸೊಪ್ಪಿನ ಪಲ್ಯ ಬಿಡುತ್ತಾರೆ. ಪ್ರೋಟೀನ್ ಇರುವುದು ಕಾಳಿನಲ್ಲಿ. 50 ಕೆ.ಜಿ. ತೂಕದವರಿಗೆ ದಿನಕ್ಕೆ 50–60 ಗ್ರಾಂ ಬೇಕು, 200 ಗ್ರಾಂ ರಾಗಿ ಹಿಟ್ಟು ಕೊಡುವುದು ಸುಮಾರು 14. ಹುರುಳಿ, ಅವರೆಕಾಳನ್ನು ಮೆತ್ತಗೆ ಬೇಯಿಸಿ ಮಸೆದು ಕೊಡಿ, ಜೊತೆಗೆ ಹಾಲು ಅಥವಾ ಮೊಟ್ಟೆ. ಕಿಡ್ನಿ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಬೇಕು.

ಕಿವಿ ಮಂದವಾದವರು ಮಾತಿನಿಂದಲೇ ದೂರ ಸರಿಯುತ್ತಾರೆ. ಅದೂ ಮರೆವಿಗೆ ದಾರಿ. ಮೊದಲು ಕಿವಿಯ ಗುಗ್ಗೆ ತೆಗೆಸಿ, ಬೇಕಿದ್ದರೆ ಶ್ರವಣ ಯಂತ್ರ ಕೊಡಿಸಿ. ಭಜನೆಯಲ್ಲಿ ಬಾಯಿಪಾಠವಾದದ್ದನ್ನೇ ಹಾಡದೆ ತಿಂಗಳಿಗೊಂದು ಹೊಸ ಪದ ಕಲಿಯಲಿ.

ಹಾಲು ಹಾಕಲು ಹಿರಿಯರು ಹೇಗೂ ಡೈರಿಗೆ ಬರುತ್ತಾರೆ. ವಾರಕ್ಕೆ ಮೂರು ದಿನ, 40 ನಿಮಿಷ ಅಲ್ಲೇ ಸಾಕು. ಗ್ರಾಮ ಪಂಚಾಯಿತಿ ಜಾಗ ಕೊಡಲಿ, ಉಪಕೇಂದ್ರದ ಆರೋಗ್ಯಾಧಿಕಾರಿ ಮೂರು ತಿಂಗಳಿಗೊಮ್ಮೆ ಕುರ್ಚಿ ಪರೀಕ್ಷೆ ಮಾಡಿ ಬರೆದಿಡಲಿ. ಮಾವಿನ ಸುಗ್ಗಿಯಲ್ಲಿ ಬೆಳಿಗ್ಗೆ ಯಾರೂ ಸಿಗರು. ಆ ದಿನಗಳಲ್ಲಿ ನಿಲ್ಲಿಸದೆ ಸಂಜೆಯ ಹಾಲಿನ ಹೊತ್ತಿಗೆ ಇಟ್ಟುಕೊಳ್ಳಲಿ.

– ಫಿಸಿಯೊಥೆರಪಿಸ್ಟರು, ಕೋಲಾರ